ಬೋರೇಕೊಪ್ಪಲಿನ ಹೆಡ್ಮಾಸ್ಟರಿಗೆ ಹೆಣ್ಣು ಕೊಟ್ಟಿದ್ದು

ಹೊಸದಾಗಿ ನೇಮಕವಾದ ಪ್ರೈಮರಿ ಸ್ಕೂಲ್ ಮೇಷ್ಟ್ರಿಗೆ ನಮ್ಮ ಕಡೆ ಮುಂದಿನ ದಾರಿ ಜಾತಕದಲ್ಲಿ ಬರೆದಷ್ಟು ಸ್ಪಷ್ಟ. ಮೊದಲು ಕೆ.ಆರ್. ಪೇಟೆ ತಾಲ್ಲೂಕಿನ ಬಸ್ಸಿಲ್ಲದ ಊರು. ಮದುವೆಯಾಗಿ ಒಂದು ಮಗುವಾಗುವ ಹೊತ್ತಿಗೆ ಬಸ್ಸಿರುವ ಊರು. ಕೂದಲು ಉದುರುವ ಕಾಲಕ್ಕೆ ಪಾಂಡವಪುರ, ಹಲ್ಲು ಉದುರುವ ಕಾಲಕ್ಕೆ ಹೆಡ್ಮಾಸ್ಟರಿಕೆ. ಕೊನೆಗೆ, ಪುಣ್ಯ ಮಾಡಿದ್ದರೆ, ಶ್ರೀರಂಗಪಟ್ಟಣ. ಅಲ್ಲಿ ಬೆಳಿಗ್ಗೆ ಕಾವೇರಿಯಲ್ಲಿ ಮುಳುಗಿ, ಸಂಜೆ ಮೈಸೂರಿಗೆ ಹೋಗಿ ಸಿನಿಮಾ ನೋಡಿಕೊಂಡು ಬಂದು, ನೆಮ್ಮದಿಯಾಗಿ ರಿಟೈರಾಗುವುದು. ತೊಂಬತ್ತನಾಲ್ಕರಲ್ಲಿ ನಾವೊಂದಿಷ್ಟು ಜನ ಆರ್ಡರು ಹಿಡಿದು ಹೊರಟಾಗ ಎಲ್ಲರ ತಲೆಯಲ್ಲೂ ಇದೇ ನಕ್ಷೆ ಇತ್ತು. ನನಗೆ ಶೀಳನೆರೆ ಕಡೆ ಸಿಕ್ಕಿತು. ಹೊಣಕೆರೆಯ ನಿಂಗರಾಜುವಿಗೆ ಸಂತೆಬಾಚಹಳ್ಳಿಯಲ್ಲಿ ಬಸ್ಸಿಳಿದು ಹೊಲದ ಬದುವಿನ ಮೇಲೆ ನಡೆಯಬೇಕಾದ ಬೋರೇಕೊಪ್ಪಲು ಸಿಕ್ಕಿತು.

ಬೋರೇಕೊಪ್ಪಲಿನ ಹಳೇ ಮೇಷ್ಟ್ರು ನಿಂಗರಾಜು ಬರುವುದನ್ನೇ ಕಾಯುತ್ತ ಹೊಸ್ತಿಲಲ್ಲಿ ಟ್ರಂಕಿನ ಮೇಲೆ ಕೂತಿದ್ದರಂತೆ. ಬದಲಿಗೆ ಒಬ್ಬ ಬಂದು ಹಾಜರಾಗುವವರೆಗೂ ಅವರು ಹೊರಡುವ ಹಾಗಿರಲಿಲ್ಲ. ಬಂದವನ ಕೈಗೆ ಬೀಗದ ಕೈ, ಗಂಟೆ ಹೊಡೆಯುವ ಕಬ್ಬಿಣ, ಒಂದು ಕುರ್ಚಿ, ಒಂದು ಸ್ಟೂಲು ಒಪ್ಪಿಸಿ, ಹೆಸರೇನೆಂದೂ ಕೇಳದೆ ಬದುವಿಗೆ ಬಿದ್ದರು. ಅದು ಒಬ್ಬರೇ ಮೇಷ್ಟ್ರಿರುವ ಶಾಲೆ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಪಾಠ ಮಾಡುವವನೂ ಅವನೇ, ಹೆಡ್ಮಾಸ್ಟರೂ ಅವನೇ, ಪೊರಕೆ ಹಿಡಿದಾಗ ಜವಾನನೂ ಅವನೇ. ಹೀಗೆ ನಾವೆಲ್ಲ ಜನ್ಮ ಸವೆಸಿ ಏರಬೇಕಾದ ಮೆಟ್ಟಿಲನ್ನು ನಿಂಗರಾಜು ಮೊದಲನೇ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಏರಿಬಿಟ್ಟ. ಅವನ ಸಂಬಳಕ್ಕೆ ಮಾತ್ರ ಈ ಸುದ್ದಿ ತಲುಪಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನಿಂಗರಾಜು ನಗುವ ಜಾತಿಯವನಲ್ಲ, ನಿಯಮದ ಮನುಷ್ಯ. ಸ್ಟೂಲು ಸಹಶಿಕ್ಷಕನಿಗೆ, ಕುರ್ಚಿ ಹೆಡ್ಮಾಸ್ಟರಿಗೆ ಎಂದು ಅವನೇ ಗೊತ್ತು ಮಾಡಿದ. ರಜ ಬೇಕಾದರೆ ಸ್ಟೂಲಿನ ಮೇಲೆ ಕೂತು ಅರ್ಜಿ ಬರೆಯುವನು. ಎದ್ದು ಹೋಗಿ ಕುರ್ಚಿಯ ಮೇಲೆ ಕೂರುವನು. ಅರ್ಜಿ ಓದಿ, ಹುಬ್ಬು ಗಂಟಿಕ್ಕಿ, "ಪರೀಕ್ಷೆ ಹತ್ರ ಬಂತಲ್ರೀ ನಿಂಗರಾಜು, ಈಗ ರಜ ಅಂದ್ರೆ ಹೆಂಗೆ" ಎಂದು ಖಾಲಿ ಸ್ಟೂಲನ್ನು ಕೇಳುವನು. ಎಷ್ಟೋ ಸಲ ರಜ ಸಿಗುತ್ತಿರಲಿಲ್ಲ. ಎದುರು ಮನೆಯ ದ್ಯಾವಮ್ಮ, ಇವನಿಗೆ ಮುದ್ದೆ ಸಾರು ಹಾಕುತ್ತಿದ್ದವಳು, ಒಂದು ದಿನ ಕಿಟಕಿಯಲ್ಲಿ ಇದನ್ನು ನೋಡಿ ಗಾಳಿ ಮೆಟ್ಟಿಕೊಂಡಿದೆಯೆಂದು ತಿಳಿದು ಅವನ ರಟ್ಟೆಗೆ ತಾಯಿತ ಕಟ್ಟಿಸಿದಳು.

ಅಷ್ಟರಲ್ಲಿ ನಿಂಗರಾಜುವಿಗೆ ಹೆಣ್ಣು ನೋಡಿದರು. ನೋಡಿದವನು ಅವನ ಸೋದರಮಾವ ಮರಿಯಯ್ಯ. ಮರಿಯಯ್ಯನ ಬಾಯಲ್ಲಿ ಯಾವ ವಸ್ತುವೂ ಇದ್ದ ಗಾತ್ರದಲ್ಲಿ ಹೊರಗೆ ಬರುವುದಿಲ್ಲ. ಪಾಂಡವಪುರದ ಕಡೆ ನಾಲೆ ಬಯಲಿನ ಚಿಕ್ಕಸ್ವಾಮಿಯವರ ಮಗಳು ಸುನಿತಾ, ಟಿ.ಸಿ.ಎಚ್. ಮುಗಿಸಿ ತಾನೂ ಮೇಷ್ಟ್ರಾಗಲು ಕಾಯುತ್ತಿದ್ದಳು. ಚಿಕ್ಕಸ್ವಾಮಿ ಕಬ್ಬು ಬೆಳೆಯುವವರು, ಹಾಲಿನ ಸೊಸೈಟಿಯ ಅಧ್ಯಕ್ಷರು. ಅಂಥವರ ಜಗುಲಿಯ ಮೇಲೆ ಕೂತು ಒಂದು ಕೋಣೆಯ ಸ್ಕೂಲಿನ ವಿಷಯ ಹೇಳುವುದು ಮರಿಯಯ್ಯನಿಗೆ ಸರಿಕಾಣಲಿಲ್ಲ.

"ದೊಡ್ ಸ್ಕೂಲು ಕಣಣ್ಣ" ಅಂದ. "ನಾಕು ಕ್ಲಾಸು. ಎಡ್ಮಾಷ್ಟ್ರು ಅವ್ರೆ, ಮೇಷ್ಟ್ರುಗಳು ಅವ್ರೆ, ಜವಾನ ಅವ್ನೆ. ಗಂಟೆ ಒಡ್ಯಾಕೂ ಜನ."

ನಿಂಗರಾಜು ಪಕ್ಕದಲ್ಲೇ ಕೂತು ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದ. ಸಿಗಲಿಲ್ಲ. ಎಲ್ಲರೂ ಇದ್ದರು. ಎಲ್ಲರೂ ಅವನೇ ಆಗಿದ್ದ, ಅಷ್ಟೆ. ಅವನು ಸುನಿತಾಳ ಮುಖ ನೋಡಿದ, ಅವಳು ಅವನ ಮುಖ ನೋಡಿದಳು, ವೀಳ್ಯದ ಶಾಸ್ತ್ರವಾಯಿತು. ನಿಂಗರಾಜು ಅವತ್ತೇ ಅವಳಿಗೆ ಮನಸ್ಸು ಕೊಟ್ಟುಬಿಟ್ಟ. ಈ ಮಾತನ್ನು ಮುಚ್ಚಿಡುವುದೇನಿದೆ, ಅವಳು ಸಿಗದಿದ್ದರೆ ಬೋರೇಕೊಪ್ಪಲಲ್ಲೇ ಒಣಗಿಹೋಗುತ್ತೇನೆ ಎಂದು ನನ್ನ ಮುಂದೆ ಕಣ್ಣೀರು ಹಾಕಿದವನು ಅವನು.

ಆದರೆ ವೀಳ್ಯವಾದ ಮೇಲೆ ಅಳಿಯನಾಗುವವನು ಆ ಮನೆಯ ಎಲ್ಲ ಕೆಲಸಕ್ಕೂ ಬಂದು ನಿಲ್ಲಬೇಕು ಎಂಬುದು ಚಿಕ್ಕಸ್ವಾಮಿಯವರ ಸಿದ್ಧಾಂತ. ಹಿಟ್ಟಿನ ಗಿರಣಿ ಪೂಜೆಗೆ ಬಾ, ಎತ್ತು ಹಿಡಿಯೋಕೆ ಬಾ, ಷಡ್ಡಕನ ಮೊಮ್ಮಗುವಿನ ನಾಮಕರಣಕ್ಕೆ ಬಾ ಎಂದು ಪೇಟೆ ಬಸ್ಸಿನ ಕಂಡಕ್ಟರನ ಬಾಯಲ್ಲಿ ಕರೆ ಬರುತ್ತಲೇ ಇತ್ತು. ಒಂದೂ ಭಾನುವಾರ ಬೀಳುತ್ತಿರಲಿಲ್ಲ. ಒಬ್ಬನೇ ಮೇಷ್ಟ್ರು, ಬಾಗಿಲು ಹಾಕಿಕೊಂಡು ಬರುವುದು ಹೇಗೆ? ಒಬ್ಬನೇ ಎಂದು ಹೇಳುವುದು ಹೇಗೆ? ನಿಂಗರಾಜು ಕಂಡಕ್ಟರನ ಬಾಯಲ್ಲೇ ಉತ್ತರ ಕಳಿಸಿದ: "ಹೆಡ್ಮಾಸ್ಟ್ರು ರಜ ಕೊಡಲ್ಲ ಅಂತಾರೆ."

ಇದೂ ನಿಜವೇ. ಕುರ್ಚಿಯ ಮೇಲೆ ಕೂತು ಅವನು ಬಹಳ ಯೋಚಿಸಿಯೇ ನಿರಾಕರಿಸಿದ್ದ.

ಮೊದಲ ಸಲ ಚಿಕ್ಕಸ್ವಾಮಿ ಬೈದರು. ಎರಡನೇ ಸಲ ಇನ್ನೂ ಜೋರಾಗಿ ಬೈದರು. ಮುಂದಿನ ಸಲ ಬೈಯಲು ಬಾಯಿ ತೆರೆದವರು ಹಾಗೇ ನಿಂತು, ಯೋಚನೆಗೆ ಬಿದ್ದರು. ಈ ಕಾಲದಲ್ಲಿ ಯಾರಿಗೂ ಜಗ್ಗದೆ ಸ್ಕೂಲು ನಡೆಸುವ ಒಬ್ಬ ಮನುಷ್ಯ ಇದ್ದಾನೆಯೇ? ಅವರ ಊರಿನ ಮೇಷ್ಟ್ರು ಹುರುಳಿ ಬಡಿಯುವ ಕಾಲದಲ್ಲಿ ಒಂದು ತಿಂಗಳು ಪತ್ತೆ ಇರುತ್ತಿರಲಿಲ್ಲ.

ಒಂದು ಭಾನುವಾರ ನಿಂಗರಾಜು ಹೋದಾಗ ಜಗುಲಿಯ ಮೇಲೆ ವಿಚಾರಣೆ ಶುರುವಾಯಿತು. ಚಿಕ್ಕಸ್ವಾಮಿಯವರ ಹೆಂಡತಿ ಪುಟ್ಟಗೌರಮ್ಮ ಕಂಬಕ್ಕೆ ಒರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ನಿಮ್ ಎಡ್ಮಾಷ್ಟ್ರು ಎಂಥೋರಪ್ಪ?" ಎಂದು ಅವರೇ ಕೇಳಿದರು.

ನಿಂಗರಾಜು ಅವರ ಪಕ್ಕ ಕೂತಿದ್ದ ಗಂಡನ ಕಡೆ ಓರೆಗಣ್ಣಿನಲ್ಲಿ ನೋಡಿದ. ಚಿಕ್ಕಸ್ವಾಮಿ ಸುಳ್ಳು ಕಂಡರೆ ಆಗದ ಮನುಷ್ಯ. ಹಾಲಿಗೆ ನೀರು ಬೆರೆಸಿ ಇಲ್ಲ ಅಂದನೆಂದು ಸ್ವಂತ ತಮ್ಮನ ಜತೆಗೇ ಮಾತು ಬಿಟ್ಟವರು. ಆದ್ದರಿಂದ ಏನಾದರೂ ಆಗಲಿ, ನಿಜವನ್ನೇ ಹೇಳುವುದೆಂದು ನಿಂಗರಾಜು ತೀರ್ಮಾನಿಸಿದ. ಹೆಡ್ಮಾಸ್ಟರ ಬಗ್ಗೆ ನಿಜವೆಂದರೆ ತನ್ನ ಬಗ್ಗೆಯೇ ನಿಜ.

"ಒಳ್ಳೆಯವರು" ಅಂದ. "ಒಂಬತ್ತೂವರೆಗೇ ಬಂದಿರ್ತಾರೆ. ಯಾರ ಹತ್ರಾನೂ ಒಂದು ತೆಂಗಿನಕಾಯಿ ಮುಟ್ಟಲ್ಲ."

"ವಯಸ್ಸಾಗೈತಾ?"

"ಇಲ್ಲ. ನನ್ನಷ್ಟೇ."

"ಇಷ್ಟ್ ಚಿಕ್ ವಯಸ್ಗೇ ಎಡ್ಮಾಷ್ಟ್ರಾ" ಎಂದು ಪುಟ್ಟಗೌರಮ್ಮ ಗಂಡನ ಕಡೆ ನೋಡಿದರು. "ಯಾವ್ ಕಡೆಯೋರು?"

"ನಾಗಮಂಗಲದ ಕಡೆ."

"ನಮ್ಮೋರಾ?"

"ನಮ್ಮೋರೇ."

ಅವರೆಕಾಯಿ ಸುಲಿಯುವುದು ನಿಂತಿತು.

"ಮದ್ವೆ ಆಗೈತಾ?"

"ಇನ್ನೂ ಇಲ್ಲ" ಎಂದ ನಿಂಗರಾಜು, ಮದುವೆಯಾಗದಿದ್ದರಿಂದ.

"ಮನೇಲಿ ಯಾರವ್ರೆ?"

"ತಾಯಿ ಒಬ್ರೇ. ನಾಲ್ಕೆಕರೆ ಹೊಲ ಇದೆ. ಕುಡಿಯಲ್ಲ, ಸೇದಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ಇದೇ ತಾಯಿ, ಇದೇ ನಾಲ್ಕೆಕರೆ, ಇದೇ ಕುಡಿಯದ ಬಾಯಿಯನ್ನು ಮರಿಯಯ್ಯ ವೀಳ್ಯದ ದಿನ ವರ್ಣಿಸಿದಾಗ ಪುಟ್ಟಗೌರಮ್ಮ "ಊಂ, ಪರವಾಗಿಲ್ಲ" ಎಂದಿದ್ದರು. ಈಗ ಅವೇ ವಿವರಗಳನ್ನು ನಿಂಗರಾಜು "ಅವರು, ಇವರು" ಎಂದು ಮರ್ಯಾದೆಯ ಮಾತಿನಲ್ಲಿ ಹೇಳಿದ್ದೇ ತಡ, ಆ ನಾಲ್ಕೆಕರೆ ನೀರಾವರಿಯಾಗಿಬಿಟ್ಟಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಸುನಿತಾ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಹುಡುಗಿಗೆ ನಾಚಿಕೆ ಎಂದುಕೊಂಡರು ಎಲ್ಲರೂ.

ಆ ವಾರವೇ ಚಿಕ್ಕಸ್ವಾಮಿ ಮರಿಯಯ್ಯನನ್ನು ಕರೆಸಿ, ಕೋಳಿ ಕುಯ್ಯಿಸಿ, ಎಲೆ ಅಡಿಕೆ ಮುಂದಿಟ್ಟು ವಿಷಯಕ್ಕೆ ಬಂದರು. "ನೋಡು ಮರಿಯಯ್ಯ, ನಿನ್ ಅಳಿಯ ಒಳ್ಳೆ ಉಡ್ಗನೇ. ಇಲ್ಲ ಅನ್ನಲ್ಲ. ಆದ್ರೆ ಅದೇ ಸ್ಕೂಲಲ್ಲಿ, ಅದೇ ನಮ್ಮೋರಲ್ಲಿ, ಎಡ್ಮಾಷ್ಟ್ರೇ ಮದ್ವೆಗವ್ರೆ. ಎತ್ತಾಗೆ ಕೊಟ್ರೆ ನನ್ ಮಗ್ಳಿಗೆ ಮೇಲು, ನೀನೇ ಯೋಳು. ವೀಳ್ಯ ಮಾತ್ರ ಆಗೈತೆ, ನಿಶ್ಚಿತಾರ್ಥ ಆಗಿಲ್ವಲ್ಲ. ನಿನ್ ಅಳಿಯಂಗೆ ನಮ್ ದೊಡ್ಡಪ್ಪನ ಮೊಮ್ಮಗ್ಳು ಒಬ್ಳವ್ಳೆ, ಅದ್ನ ಮಾಡವಾ. ನೀನೇ ವೋಗಿ ಎಡ್ಮಾಷ್ಟ್ರ ಮನಸ್ಸು ತಿಳ್ಕೊಂಡ್ ಬಾ."

ಮರಿಯಯ್ಯ ಕೋಳಿಯ ತೊಡೆ ಚೀಪುತ್ತ ಒಪ್ಪಿಕೊಂಡ. ಆ ಹೆಡ್ಮಾಸ್ಟರನ್ನು ಹುಟ್ಟಿಸಿದವನು ತಾನೇ ಎಂಬುದು ಅವನಿಗೆ ಎಂದೋ ಮರೆತುಹೋಗಿತ್ತು. ಮಾರನೆಯ ದಿನ ಬೋರೇಕೊಪ್ಪಲಿಗೆ ಬಂದು, "ನಿಮ್ ಎಡ್ಮಾಷ್ಟ್ರ ತಾವ ಒಂದ್ ಮಾತಾಡ್ಬೇಕು ಕಣ್ಲಾ" ಅಂದ.

"ಮಾವ, ಹೆಡ್ಮಾಸ್ಟ್ರು ನಾನೇ."

"ಅದ್ ಗೊತ್ತು ಬುಡ್ಲಾ. ಆದ್ರೂ ಅಂಥೋರ್ನ ಒಂದ್ ಮಾತು ಕೇಳ್ದೆ ಚಿಕ್ಕಸ್ವಾಮಣ್ಣಂಗೆ ಏನಂತ ಯೋಳ್ಲಿ?"

ವಿಷಯವೆಲ್ಲ ಗೊತ್ತಾದಾಗ ನಿಂಗರಾಜುವಿಗೆ ಸ್ಟೂಲಿನ ಮೇಲೆ ಕೂರಬೇಕೋ ಕುರ್ಚಿಯ ಮೇಲೆ ಕೂರಬೇಕೋ ತಿಳಿಯಲಿಲ್ಲ, ನೆಲದ ಮೇಲೆ ಕೂತ. ತಾನು ಮನಸ್ಸಿಟ್ಟ ಹೆಣ್ಣನ್ನು ತನ್ನಿಂದ ಕಿತ್ತು ತನಗೇ ಕೊಡಲು ಹೊರಟಿದ್ದಾರೆ. ಕೇಳುವುದಕ್ಕೆ ಇದು ಶುಭಸಮಾಚಾರದ ಹಾಗಿದೆ. ಆದರೆ ಹೆಡ್ಮಾಸ್ಟರು ಮುಖ ತೋರಿಸಿದ ಗಳಿಗೆಯಲ್ಲಿ ನಿಂಗರಾಜುವಿನ ಸುಳ್ಳು ಬಯಲಾಗುತ್ತದೆ, ಇಬ್ಬರಿಗೂ ಹೆಣ್ಣು ತಪ್ಪುತ್ತದೆ.

ಆ ಭಾನುವಾರ ಶೀಳನೆರೆಗೆ ಬಂದು ನನ್ನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ. ನಿಜ ಹೇಳಿಬಿಡೋ ಮಾರಾಯ ಎಂದೆ. ಅವನ ತಲೆಗೆ ಬೇರೆಯೇ ಹೊಳೆದಿತ್ತು. "ಹೆಡ್ಮಾಸ್ಟ್ರನ್ನ ವರ್ಗ ಮಾಡಿಸ್ಬಿಡ್ತೀನಿ" ಅಂದ. "ದೂರಕ್ಕೆ. ಬೀದರಿಗೆ."

ಹಾಗೇ ಮಾಡಿದ. ಹೆಡ್ಮಾಸ್ಟರಿಗೆ ಬೀದರಿಗೆ ವರ್ಗವಾಗಿದೆ, ಇವತ್ತೋ ನಾಳೆಯೋ ಹೊರಡುತ್ತಾರೆ ಎಂದು ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿ, ನಿಟ್ಟುಸಿರು ಬಿಟ್ಟು, ದ್ಯಾವಮ್ಮನ ಹತ್ತಿರ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಚಿಕ್ಕಸ್ವಾಮಿಯವರಿಗೆ ಸುದ್ದಿ ಮುಟ್ಟಿದ್ದು ಸೊಸೈಟಿಯಲ್ಲಿ ಹಾಲು ಅಳೆಯುವ ಹೊತ್ತಿನಲ್ಲಿ. ಅವರು ಅಳತೆ ಕೆಳಗಿಟ್ಟರು. "ನ್ಯಾಯವಾಗಿ ಕೆಲ್ಸ ಮಾಡೋನ್ನ ಬೀದರಿಗೆ ಆಕ್ತಾರಾ? ಕಾಯಿ ಮುಟ್ಟಲ್ಲ ಅಂತ ತಾನೆ? ನಾವು ಬಳೆ ತೊಟ್ಕಂಡಿದ್ದೀವಾ?" ಅಂದರು. ಹಾಲು ತಂದಿದ್ದವರೆಲ್ಲ ಕ್ಯಾನು ಅಲ್ಲೇ ಬಿಟ್ಟು ಟ್ರಾಕ್ಟರು ಹತ್ತಿದರು. ಅದರಲ್ಲಿ ಅರ್ಧ ಜನಕ್ಕೆ ಎಲ್ಲಿಗೆ ಹೋಗುತ್ತಿದ್ದೇವೆಂದು ದಾರಿಯಲ್ಲಿ ಗೊತ್ತಾಯಿತು.

ಅವರು ನುಗ್ಗಿದ್ದು ಇಲಾಖೆಯ ಒಂದು ಕಚೇರಿಗೆ. ಯಾವ ಊರಿನ ಕಚೇರಿ ಎಂದು ನಾನು ಹೇಳುವುದಿಲ್ಲ, ನನಗಿನ್ನೂ ಪಿಂಚಣಿ ಬರಬೇಕು. ಸಾಹೇಬರು ಆಗ ತಾನೇ ಊಟ ಮುಗಿಸಿ ಕಣ್ಣು ಮುಚ್ಚಿದ್ದರು. "ಬೋರೇಕೊಪ್ಪಲಿನ ಎಡ್ಮಾಷ್ಟ್ರ ವರ್ಗ ರದ್ದಾಗ್ಬೇಕು" ಎಂದು ಚಿಕ್ಕಸ್ವಾಮಿ ಮೇಜು ಗುದ್ದಿದರು. ಸಾಹೇಬರು ಹೆಡ್ ಕ್ಲಾರ್ಕಿನ ಕಡೆ ನೋಡಿದರು. ಹೆಡ್ ಕ್ಲಾರ್ಕು ತಲೆ ಕೆರೆದುಕೊಂಡು, "ಅಲ್ಲಿ ಹೆಡ್ಮಾಸ್ಟರ್ ಹುದ್ದೆಯೇ ಇಲ್ವಲ್ಲ ಸಾರ್" ಅಂದರು.

"ನೋಡುದ್ರಾ" ಎಂದು ಚಿಕ್ಕಸ್ವಾಮಿ ಜನರ ಕಡೆ ತಿರುಗಿದರು. "ಆಳ್ನ ತೆಗ್ದಿದ್ದಲ್ದೆ ಉದ್ದೇನೂ ತೆಗ್ದವ್ರೆ."

"ನಾವು ಯಾರನ್ನೂ ತೆಗೆದಿಲ್ಲ ಯಜಮಾನ್ರೆ" ಎಂದರು ಸಾಹೇಬರು.

"ಅಂಗಾರೆ ಅವ್ರು ಅಲ್ಲೇ ಇರ್ತಾರೆ ಅಂತ ಬಾಯ್ಬುಟ್ಟು ಯೋಳಿ."

ಕಿಟಕಿಯ ತುಂಬ ತಲೆಗಳು ಕಾಣುತ್ತಿದ್ದವು. ಸಾಹೇಬರು ಅನುಭವಸ್ಥರು. ಆಗದೇ ಇರುವ ವರ್ಗಾವಣೆಯನ್ನು ರದ್ದು ಮಾಡುವುದಕ್ಕಿಂತ ಸುಲಭದ ಕೆಲಸ ಸರ್ಕಾರದಲ್ಲಿ ಇನ್ನೊಂದಿಲ್ಲ ಎಂದು ಅವರಿಗೆ ತಕ್ಷಣ ಹೊಳೆಯಿತು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಸಾರ್ವಜನಿಕರ ಒತ್ತಾಯದ ಮೇರೆಗೆ ರದ್ದು ಮಾಡಿದ್ದೇನೆ" ಎಂದು ಘೋಷಿಸಿದರು. ಹೊರಗೆ ಜಯಕಾರವಾಯಿತು. ಅಧಿಕಾರದಲ್ಲಿದ್ದಷ್ಟು ಕಾಲದಲ್ಲಿ ತಮಗೆ ಜಯಕಾರ ಸಿಕ್ಕಿದ್ದು ಅದೊಂದೇ ಸಲ ಎಂದು ಸಾಹೇಬರು ಆಮೇಲೆ ಹೇಳಿಕೊಳ್ಳುತ್ತಿದ್ದರಂತೆ.

ಗೆದ್ದ ಚಿಕ್ಕಸ್ವಾಮಿ ಸುಮ್ಮನೆ ಮನೆಗೆ ಹೋಗುವವರಲ್ಲ. ಮಾರನೆಯ ದಿನವೇ ಒಂದು ಟೆಂಪೋ ಮಾಡಿಸಿ, ಹೆಂಡತಿ, ಮಗಳು, ಮರಿಯಯ್ಯ, ಬಂಧುಬಳಗವನ್ನೆಲ್ಲ ಹತ್ತಿಸಿ, ಬಾಳೆಗೊನೆ, ಎಲೆ ಅಡಿಕೆ ತಟ್ಟೆ, ತೋಳು ಗಾತ್ರದ ಸುಗಂಧರಾಜದ ಹಾರ ಹಿಡಿದು ಬೋರೇಕೊಪ್ಪಲಿಗೆ ಹೊರಟರು. ಹೆಡ್ಮಾಸ್ಟರಿಗೆ ಸನ್ಮಾನವನ್ನೂ ಮಾಡಿ, ಹೆಣ್ಣಿನ ಮಾತನ್ನೂ ಮುಗಿಸಿಬಿಡುವುದೆಂದು ಅವರ ಯೋಚನೆ. ಟೆಂಪೋ ಸಂತೆಬಾಚಹಳ್ಳಿ ದಾಟಿ ಬದುವಿನ ಹತ್ತಿರ ನಿಂತಿತು. ಅಲ್ಲಿಂದಾಚೆ ಮೆರವಣಿಗೆ ನಡೆದೇ ಬಂತು.

ಮುಂದಿನದನ್ನು ನನಗೆ ಹೇಳಿದವಳು ದ್ಯಾವಮ್ಮ. ಅವಳು ಆಗ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು.

"ಎಡ್ಮಾಷ್ಟ್ರು ಅವ್ರೇನವ್ವ?" ಎಂದು ಚಿಕ್ಕಸ್ವಾಮಿ ಕೇಳಿದರು.

"ಊಂ ಕಣಪ್ಪ, ಒಳ್ಗವ್ರೆ. ಮಗ್ಗಿ ಯೋಳುಸ್ತಾವ್ರೆ."

ಕಿಟಕಿಯಿಂದ ಹಾರವನ್ನು ನೋಡಿದ ನಿಂಗರಾಜುವಿಗೆ ಮಗ್ಗಿ ಮರೆತುಹೋಯಿತು. ಸೀಮೆಸುಣ್ಣ ಹಿಡಿದೇ ಹೊರಗೆ ಬಂದ.

"ಏನಪ್ಪ ನಿಂಗರಾಜು, ಚೆನ್ನಾಗಿದ್ದೀಯಾ" ಎಂದು ಚಿಕ್ಕಸ್ವಾಮಿ ದೊಡ್ಡ ಮನಸ್ಸಿನಿಂದ ಮಾತಾಡಿಸಿದರು. "ಬೇಜಾರ್ ಮಾಡ್ಕಬ್ಯಾಡ. ನಿನ್ಗೂ ಒಂದು ಎಣ್ಣು ನೋಡಿದ್ದೀನಿ. ಈಗ ನಿಮ್ ಎಡ್ಮಾಷ್ಟ್ರನ್ನ ಕರಿ."

"ಕರೀತೀನಿ" ಎಂದು ನಿಂಗರಾಜು ಒಳಗೆ ಹೋದ. ಆ ಕೋಣೆಗೆ ಹಿಂದೆ ಬಾಗಿಲಿಲ್ಲ. ಬಂಧುಬಳಗ ಅಂಗಳದಲ್ಲಿ ಬಟ್ಟೆ ಸರಿಮಾಡಿಕೊಂಡು ನಿಂತಿತು. ಪುಟ್ಟಗೌರಮ್ಮ ತಲೆಯ ಮೇಲೆ ಸೆರಗು ಹೊದ್ದುಕೊಂಡರು. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಕೊನೆಗೆ ಗಂಟೆ ಹೊಡೆಯಿತು. ಮಕ್ಕಳೆಲ್ಲ ಬುದುಬುದು ಹೊರಗೆ ಬಂದರು. ಎಲ್ಲರಿಗಿಂತ ಹಿಂದೆ ನಿಂಗರಾಜು ಬಂದು, ಬಾಗಿಲು ಹಾಕಿ ಬೀಗ ಜಡಿದ.

"ಎಡ್ಮಾಷ್ಟ್ರೆಲ್ಲಪ್ಪ?"

ನಿಂಗರಾಜು ಬಾಯಿ ತೆರೆಯುವ ಮೊದಲೇ ಮಕ್ಕಳು ಸಾಲಾಗಿ ನಿಂತು, ಅವನೇ ಕಲಿಸಿದ್ದ ಹಾಗೆ ಕೈಮುಗಿದು, ರಾಗವಾಗಿ, "ಹೋಗಿ ಬರ್ತೀವಿ ಹೆಡ್ಮಾಸ್ಟ್ರೇ" ಎಂದವು.

 ಮರಿಯಯ್ಯ ಬಾಳೆಗೊನೆಯ ಹಿಂದಕ್ಕೆ ಸರಿದ. ಚಿಕ್ಕಸ್ವಾಮಿ ಬೀಗ ನೋಡಿದರು, ಮಕ್ಕಳನ್ನು ನೋಡಿದರು, ನಿಂಗರಾಜುವನ್ನು ನೋಡಿದರು.

"ಬ್ಯಾರೆ ಮೇಷ್ಟ್ರುಗಳು?"

"ಯಾರೂ ಇಲ್ಲ ಮಾವ."

"ಜವಾನ?"

"ನಾನೇ. ಎಲ್ಲಾನೂ ನಾನೇ. ನಾನು ಬಾಗಿಲು ಹಾಕಿದ್ರೆ ಈ ಊರಿಗೆ ಸ್ಕೂಲಿಲ್ಲ. ಅದಕ್ಕೇ ನೀವು ಕರೆದಾಗೆಲ್ಲ ಬರೋಕಾಗ್ಲಿಲ್ಲ. ಹೇಳೋಕೆ ಭಯ ಆಯ್ತು, ಸುನಿತಾನ ಕೊಡಲ್ಲ ಅಂದ್ಬಿಡ್ತೀರೇನೋ ಅಂತ."  ದ್ಯಾವಮ್ಮ ಮೊರ ಕೆಳಗಿಟ್ಟು ಕಣ್ಣೊರೆಸಿಕೊಂಡಳಂತೆ.

"ಟೆಂಪೋ ತಿರುಗ್ಸಕ್ ಯೋಳು" ಎಂದರು ಚಿಕ್ಕಸ್ವಾಮಿ ಯಾರಿಗೋ. "ಸುಳ್ ಯೋಳೋನ ಮನೇಲಿ ನಾನ್ ನೀರ್ ಕುಡ್ಯಲ್ಲ. ಎಣ್ಣು ಕೊಡೋ ಮಾತು ದೂರ."

ಯಾರೂ ಅಲುಗಲಿಲ್ಲ. ಆಗ ಸುನಿತಾ ಮುಂದೆ ಬಂದಳು.

"ಅಪ್ಪ, ನಾನು ಓದಿರೋದೇ ಮೇಷ್ಟ್ರು ಕೆಲಸಕ್ಕೆ. ಇಂಥಾ ಊರಲ್ಲಿ ಒಬ್ರೇ ಮೇಷ್ಟ್ರಿರ್ತಾರೆ ಅಂತ ನಂಗೆ ವೀಳ್ಯದ ದಿನಾನೇ ಗೊತ್ತಿತ್ತು."

"ಗೊತ್ತಿದ್ರೆ ಬಾಯ್ಬುಡ್ಬಾರ್ದಾ?"

"ಯಾರು ಕೇಳುದ್ರಿ? ಅವರಿಗೆ ಕೊಡೋದಾ ಇವರಿಗೆ ಕೊಡೋದಾ ಅಂತ ಊರೆಲ್ಲ ಕೇಳುದ್ರಿ, ಸೊಸೈಟೀಲಿ ಕೇಳುದ್ರಿ. ನನ್ನೊಬ್ಳನ್ನೇ ಕೇಳ್ಲಿಲ್ಲ." ಅವಳು ನಿಂಗರಾಜುವಿನ ಕಡೆ ನೋಡಲಿಲ್ಲ. "ನಂಗೆ ಇಬ್ರೂ ಒಪ್ಗೆ ಇದ್ರು. ಅದ್ಕೇ ಸುಮ್ನಿದ್ದೆ."

ಪುಟ್ಟಗೌರಮ್ಮ ಸೆರಗಿನೊಳಗೆ ನಗುವುದಕ್ಕೆ ಶುರು ಮಾಡಿದರು. ನಗು ಒಬ್ಬೊಬ್ಬರಿಗೇ ಅಂಟುತ್ತ ಹೋಗಿ ಬಾಳೆಗೊನೆಯ ಹಿಂದಿನಿಂದಲೂ ಕೇಳಿಸಿತು. ನಗದಿದ್ದವರು ಇಬ್ಬರೇ, ಮಾವ ಮತ್ತು ಅಳಿಯ. ಚಿಕ್ಕಸ್ವಾಮಿ ಪೇಚಿಗೆ ಸಿಕ್ಕಿಕೊಂಡಿದ್ದರು. ಸುಳ್ಳನಿಗೆ ಹೆಣ್ಣು ಕೊಡುವ ಹಾಗಿಲ್ಲ. ಹೆಡ್ಮಾಸ್ಟರಿಗೆ ಕೊಡುತ್ತೇನೆಂದು ಟೆಂಪೋ ತುಂಬ ಜನರ ಮುಂದೆ ಆಡಿದ ಮಾತಿನಿಂದ ಹಿಂದೆ ಸರಿಯುವ ಹಾಗೂ ಇಲ್ಲ. ಅಂಗಳದ ತುಂಬ ನಿಂತಿದ್ದ ಮಕ್ಕಳನ್ನು ಅವರು ಇನ್ನೊಂದು ಸಲ ನೋಡಿದರು. ಇವಕ್ಕೆಲ್ಲ ಒಬ್ಬನೇ.

ಆಮೇಲೆ ದೊಡ್ಡ ಹೆಜ್ಜೆ ಹಾಕಿ ಬಂದು, ಆ ತೋಳು ಗಾತ್ರದ ಹಾರವನ್ನು ನಿಂಗರಾಜುವಿನ ಕೊರಳಿಗೆ ಹಾಕಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

"ಎಡ್ಮಾಷ್ಟ್ರೇ, ನನ್ ಮಗ್ಳನ್ನ ನಿಮ್ಗೆ ಕೊಡ್ತಾವ್ನಿ. ನಿಮ್ ತಾವ ಆ ನಿಂಗರಾಜು ಅಂತ ಒಬ್ಬವ್ನಲ್ಲ, ಅವ್ನು ಸಿಕ್ಕುದ್ರೆ ಯೋಳಿ, ನಮ್ಮನೆ ಬಾಗ್ಲಿಗೆ ಬಂದ್ರೆ ಕಾಲ್ ಮುರೀತೀನಿ ಅಂತ."

"ಹೇಳ್ತೀನಿ ಮಾವ" ಎಂದರು ಹೆಡ್ಮಾಸ್ಟರು.